ಬೋಳು ಟೈರು, ಮೊದಲ ಮಳೆ

ಬೇಸಿಗೆಯಲ್ಲೇ ಪಂಕ್ಚರ್ ಅಂಗಡಿಯವನು ನನ್ನ ಸ್ಕೂಟರಿನ ಹಿಂದಿನ ಚಕ್ರ ಸವರಿ ನೋಡಿ ಹೇಳಿದ್ದ, "ಯಜಮಾನ್ರೇ, ಗ್ರಿಪ್ ಪೂರ್ತಿ ಹೋಗಿದೆ, ಟೈರ್ ಬದಲಾಯಿಸಿ." ಬ್ಯಾಂಕಿನಲ್ಲಿ ಜೀವಮಾನವೆಲ್ಲ ಬೇರೆಯವರ ದುಡ್ಡು ಎಣಿಸಿದವನಿಗೆ ಸ್ವಂತ ದುಡ್ಡು ಬಿಚ್ಚುವುದು ಕಷ್ಟ. "ಇನ್ನೊಂದೆರಡು ತಿಂಗಳು ಓಡುತ್ತೆ ಬಿಡಪ್ಪ" ಅಂದೆ. ಏಳನೇ ತರಗತಿಯ ಮೊಮ್ಮಗನೂ ನನ್ನ ಪರವೇ. "ತಾತ, ಫಾರ್ಮುಲಾ ಒನ್ ಕಾರಿನ ಟೈರೂ ಬೋಳೇ ಇರುತ್ತೆ. ಅದು 300 ಕಿಲೋಮೀಟರ್ ವೇಗದಲ್ಲಿ ಓಡಲ್ವಾ?"

ಅವನ ಮಾತು ಸುಳ್ಳಲ್ಲ. ಒಣ ರಸ್ತೆಯಲ್ಲಿ ಗೆರೆಯಿಲ್ಲದ ಟೈರಿನ ರಬ್ಬರು ಹೆಚ್ಚು ಜಾಗದಲ್ಲಿ ನೆಲಕ್ಕೆ ತಾಗುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಆದರೆ ರೇಸಿನ ಟೈರು ಮೆತ್ತನೆಯ ರಬ್ಬರಿನ ಹೊಸ ಟೈರು. ನನ್ನದು ಸವೆದು ತೆಳ್ಳಗಾದ ಮುದಿ ಟೈರು. ಈ ವ್ಯತ್ಯಾಸ ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ಮೊದಲ ಮಳೆ ಬಂತು. ಹುಡುಗನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಸರ್ಕಲ್ಲಿನಲ್ಲಿ ಮುಂದಿನ ಆಟೋ ನಿಂತಿತು, ಬ್ರೇಕ್ ಹಾಕಿದೆ. ಹಿಂದಿನ ಚಕ್ರ ಜೀಬ್ರಾ ಪಟ್ಟೆಯ ಮೇಲಿತ್ತು. ಗಾಡಿ ಅಡ್ಡಡ್ಡ ಜಾರಿತು, ಇಬ್ಬರೂ ನೆಲಕ್ಕೆ. ನನಗೆ ಮಂಡಿ ತರಚಿತು, ಅವನ ಮೊಣಕೈಗೆ ಮೂರು ಹೊಲಿಗೆ. ನನ್ನ ಸೊಸೆ ಏನೆಂದಳು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಮಕ್ಕಳೇ, ಟೈರಿಗೂ ರಸ್ತೆಗೂ ನಡುವೆ ನೀರು ನಿಂತರೆ ಒಂದನ್ನೊಂದು ಹಿಡಿಯುವುದು ಹೇಗೆ? ನೀರು ಆಚೆ ಹೋಗಲು ಎರಡು ದಾರಿ. ಒಂದು ಟೈರಿನ ಗೆರೆಗಳು, ಇನ್ನೊಂದು ರಸ್ತೆಯ ಒರಟುತನ. ಡಾಂಬರಿನಲ್ಲಿ ಜಲ್ಲಿ ಎದ್ದು ಕಾಣುತ್ತಿದ್ದರೆ ಕಲ್ಲುಗಳ ಸಂದಿಗೆ ನೀರು ಇಳಿಯುತ್ತದೆ. ಕಾಂಕ್ರೀಟ್ ರಸ್ತೆಯ ಮೇಲೆ ಸಾಲುಸಾಲಾಗಿ ಗೀರು ಎಳೆದಿರುವುದೂ ಇದಕ್ಕೇ, ಅಂದಕ್ಕಲ್ಲ. ಬಿಳಿ ಬಣ್ಣದ ಪಟ್ಟೆ ಆ ಸಂದಿಗಳನ್ನೆಲ್ಲ ಮುಚ್ಚಿ ನುಣುಪಾಗಿಸುತ್ತದೆ. ನನ್ನ ಟೈರೂ ನುಣುಪು, ಕೆಳಗಿನ ನೆಲವೂ ನುಣುಪು! ಸಾಲದ್ದಕ್ಕೆ ಮೊದಲ ಮಳೆ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೆನೆದು ಲೋಳೆಯಾಗಿರುತ್ತದೆ. ನಾಲ್ಕು ಜೋರು ಮಳೆ ಬಿದ್ದು ತೊಳೆದ ಮೇಲೆ ಅಷ್ಟು ಜಾರುವುದಿಲ್ಲ.

ರೇಸಿನವರೂ ಮಳೆ ಬಂದರೆ ಬೋಳು ಟೈರು ಬಿಚ್ಚಿ ಗೆರೆಯ ಟೈರು ಹಾಕುತ್ತಾರೆ. ಜೋರು ಮಳೆಯ ಒಂದು ಟೈರು 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಎರಚುತ್ತದಂತೆ. ಐದಾರು ಕೊಡ!

ಕೈ ಸುಮ್ಮನಿರದೆ ಲೆಕ್ಕವನ್ನೂ ಹಾಕಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದರೆ ಒಳ್ಳೆಯ ಒಣ ಡಾಂಬರಿನಲ್ಲಿ ಸುಮಾರು 9 ಮೀಟರಿಗೆ ಗಾಡಿ ನಿಲ್ಲಬಹುದು. ಘರ್ಷಣೆ ಅರ್ಧಕ್ಕಿಳಿದರೆ 18 ಮೀಟರ್ ಬೇಕು. ಆಟೋ ನನಗಿಂತ ಅಷ್ಟು ದೂರ ಇರಲಿಲ್ಲ.

ಟೈರಿನ ಗೆರೆಯೊಳಗೆ ಬೆರಳಿಟ್ಟು ನೋಡಿ, ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಸಿಗುತ್ತದೆ. ಮೇಲಿನ ರಬ್ಬರು ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. ಮೊಮ್ಮಗ ಈಗ ನಮ್ಮ ಬೀದಿಯ ಗಾಡಿಗಳ ಮುಂದೆಲ್ಲ ಕುಕ್ಕರಗಾಲಿನಲ್ಲಿ ಕೂತು ಇದನ್ನೇ ನೋಡುತ್ತಾನೆ. ಮೊನ್ನೆ ಅವನ ಶಾಲೆಯ ವ್ಯಾನಿನ ಒಂದು ಚಕ್ರ ಸಿಕ್ಕಿಬಿತ್ತು. ಇಬ್ಬರೂ ಹೋಗಿ ಡ್ರೈವರಿಗೆ ಹೇಳಿದೆವು. ಸೋಮವಾರದೊಳಗೆ ಹಾಕಿಸುತ್ತೇನೆ ಅಂದಿದ್ದಾನೆ. ಸೋಮವಾರ ಬೆಳಿಗ್ಗೆ ನಾನೇ ಗೇಟಿನ ಹತ್ತಿರ ನಿಂತು ನೋಡುತ್ತೇನೆ.