ನಾಯಿಮರಿಗೆ ಕೋಲೇಕೆ?

ಮರಿ ಮನೆಯೊಳಗೆ ಗಲೀಜು ಮಾಡಿದರೆ ಅದರ ಮೂಗನ್ನು ಅಲ್ಲೇ ಉಜ್ಜಿ ಎರಡೇಟು ಬಿಗಿಯಬೇಕೆಂಬ ಉಪದೇಶವನ್ನು ವಿದ್ಯಾವಂತರ ಬಾಯಲ್ಲೂ ಕೇಳುತ್ತೇನೆ. ಇದು ಶುದ್ಧ ಅವಿವೇಕ. ಗಂಟೆಯ ಹಿಂದೆ ನಡೆದುದಕ್ಕೂ ಈಗ ಬೀಳುವ ಪೆಟ್ಟಿಗೂ ಸಂಬಂಧ ಕಲ್ಪಿಸಲು ಮರಿಗೆ ಬಾರದು. ಯಜಮಾನನ ಕಣ್ಣೆದುರು ಮೂತ್ರ ಮಾಡುವುದು ಅಪಾಯವೆಂಬುದನ್ನಷ್ಟೇ ಕಲಿತು, ನಾಳೆ ಸೋಫಾದ ಹಿಂದೆ ಹೋಗುತ್ತದೆ. ಆಗ ಅದಕ್ಕೆ 'ಕಳ್ಳ' ಎಂಬ ಬಿರುದು! ಬಾಲ ಮುದುಡಿಕೊಂಡು ತಲೆ ತಗ್ಗಿಸುವುದನ್ನು ಪಶ್ಚಾತ್ತಾಪವೆಂದು ಬಗೆಯುತ್ತೇವೆ. ಅದು ಬರಿಯ ಭಯ.

ಎರಡು ತಿಂಗಳ ಪೊಮೆರೇನಿಯನ್ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಅದನ್ನು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಸಂಜೆಯವರೆಗೆ ಕೂಡಿಹಾಕಿದವರೇ ತಪ್ಪಿತಸ್ಥರಲ್ಲವೇ? ನಿದ್ದೆಯಿಂದೆದ್ದೊಡನೆ, ಉಂಡೊಡನೆ, ಆಡಿದೊಡನೆ ಹೊರಗೊಯ್ಯಬೇಕು. ಅಲ್ಲಿ ಮುಗಿಸಿದ ಕ್ಷಣವೇ ಚೂರು ತಿಂಡಿ ಕೊಟ್ಟು ಮೆಚ್ಚಬೇಕು. ಒಳಗೆ ಗಲೀಜಾದ ಜಾಗವನ್ನು ಕಿಣ್ವವಿರುವ ದ್ರಾವಣದಿಂದ ತೊಳೆಯಬೇಕು. ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ.

ಚಪ್ಪಲಿ ಕಡಿಯುವುದೂ ಹಗೆತನವಲ್ಲ. ಮೂರು ನಾಲ್ಕು ತಿಂಗಳಿಗೆ 28 ಹಾಲುಹಲ್ಲುಗಳು ಉದುರತೊಡಗಿ, ಏಳನೆಯ ತಿಂಗಳ ಸುಮಾರಿಗೆ 42 ಹಲ್ಲುಗಳು ಮೂಡಿರುತ್ತವೆ. ಆ ಒಸಡಿನ ಯಾತನೆಗೆ ರಬ್ಬರಿನ ಆಟಿಕೆ ಕೊಡಿ, ಚಪ್ಪಲಿಯನ್ನು ಕಪಾಟಿನಲ್ಲಿಡಿ. ಅಷ್ಟೂ ಆಗದವರು ನಾಯಿ ಸಾಕುವುದೇಕೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದಾಗಲೂ, ಹೊಡೆಯದೆ ಕಲಿಸುವುದೆಂತು ಎಂದು ಗೊಣಗಿದ ಮೇಷ್ಟರುಗಳಿದ್ದರು. ಬೆತ್ತ ಈಗ ಮನೆಯ ಮರಿಯ ಬೆನ್ನಿಗೆ ಬಂದಿದೆ.

ಇನ್ನೊಂದು ಮಾತು. ವರ್ಷಗಟ್ಟಲೆ ಶುಚಿಯಾಗಿದ್ದ ನಾಯಿ ಹಠಾತ್ತನೆ ಒಳಗೇ ಮೂತ್ರ ಮಾಡಿದರೆ ಕೋಲು ಹುಡುಕಬೇಡಿ. ಮೂತ್ರನಾಳದ ಸೋಂಕಿದ್ದೀತು, ಪಶುವೈದ್ಯರಿಗೆ ತೋರಿಸಿ.