ಶಿಬಿರ ಮುಗಿದ ಮೇಲೆ ನೋಡುವವರು ಯಾರು?

ಕಳೆದ ತಿಂಗಳು ಮಲ್ಲತ್ತಹಳ್ಳಿಯ ನಮ್ಮ ಬೀದಿಗೆ ನಾಲ್ಕಾರು ಯುವಕರು ರಸೀದಿ ಪುಸ್ತಕ ಹಿಡಿದು ಬಂದರು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳ ವೃದ್ಧರಿಗೆ ಉಚಿತ ನೇತ್ರ ಶಿಬಿರ ಮಾಡಿಸುತ್ತಾರಂತೆ. ಒಳ್ಳೆಯ ಕೆಲಸವೇ. “ಆಪರೇಷನ್ ಆಗಿ ತಿಂಗಳಾದ ಮೇಲೆ ಅವರ ಕಣ್ಣು ನೋಡುವವರು ಯಾರಪ್ಪ?” ಎಂದು ಕೇಳಿದೆ. ಹುಡುಗರು ಮುಖ ಮುಖ ನೋಡಿಕೊಂಡರು.

ನೇತ್ರ ಶಿಬಿರ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ. ಊರೂರು ಸುತ್ತಿ ಬಡವರ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 2005ರಲ್ಲಿ ಅವರು ತೀರಿಕೊಂಡರೂ, ನಮ್ಮ ಕಡೆ ‘ಮೋದಿ ಆಸ್ಪತ್ರೆ ರಸ್ತೆ’ ಎಂದರೆ ಆಟೋದವರಿಗೆ ಇಂದಿಗೂ ಬೇರೆ ಗುರುತು ಬೇಡ. ಆ ಕಾಲದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಕನ್ನಡಕ ಒಡೆದರೆ ಮತ್ತೆ ಎಲ್ಲವೂ ಮಸುಕು.

ಈಗ ಕಣ್ಣಿನೊಳಗೇ ಕೃತಕ ಮಸೂರ ಕೂರಿಸುತ್ತಾರೆ. ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಆರಂಭಿಸಿದ ಅರೋಲ್ಯಾಬ್, ಬಳಿಕ ಕಠ್ಮಂಡುವಿನ ತಿಲಗಂಗಾ ಸಂಸ್ಥೆ ಮಸೂರಗಳನ್ನು ತಾವೇ ತಯಾರಿಸಿದ್ದರಿಂದ ಬೆಲೆ ಬಡವರ ಕೈಗೆಟುಕಿತು. ತಿಲಗಂಗಾದ ಡಾ. ಸಂದುಕ್ ರುಯಿತ್ ಅವರ ತಂಡ ಹಿಮಾಲಯದ ಹಳ್ಳಿಗಳಿಗೇ ಉಪಕರಣ ಹೊತ್ತು ಹೋಗಿ ಶಸ್ತ್ರಚಿಕಿತ್ಸೆ ಮಾಡಿದೆ. ನಮ್ಮಲ್ಲಿ ಸೋಂಕಿನ ಭಯದಿಂದ, ಊರಿನಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ಬಂದಿದೆ. ಅದು ಸರಿಯೇ. ಆದರೆ ಬೆಟ್ಟ ಇಳಿಯುವ ಕಷ್ಟ ಈಗ ರೋಗಿಯ ಪಾಲಿಗೆ ಬಿದ್ದಿದೆ.

ಮಹದೇಶ್ವರ ಬೆಟ್ಟದ ಕಾಡಿನೂರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಊರಿನ ಕಣ್ಣು ಕಾಣದ ಅಜ್ಜಿ ಒಬ್ಬಳೇ ಬರಲಾರಳು. ಮಗನೋ ಸೊಸೆಯೋ ಕೂಲಿ ಬಿಟ್ಟು ಜೊತೆಗೆ ಬರಬೇಕು. “ವಯಸ್ಸಾಯಿತು, ನಾನಿನ್ನೇನು ನೋಡಬೇಕು” ಎಂದು ಅಜ್ಜಿಯೇ ಹೇಳಿಬಿಡುತ್ತಾಳೆ. ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವವರೂ ಉಂಟು. ಈಗ ಹಾಗೆ ಕಾಯಬೇಕಿಲ್ಲ. ಅತಿಯಾಗಿ ಬಲಿತರೆ ಕಣ್ಣಿನ ಒಳಒತ್ತಡ ಏರಿ, ಇದ್ದ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಆಪರೇಷನ್ ಆದ ಮೇಲೂ ಕೆಲವು ವಾರ ಔಷಧದ ಹನಿ ಹಾಕಬೇಕು, ಕಣ್ಣು ಉಜ್ಜಬಾರದು. ಕೆಂಪಾಗಿ ನೋವು ಹೆಚ್ಚಿದರೆ, ನೋಟ ಮಂಕಾದರೆ, ಅಂದೇ ವೈದ್ಯರಿಗೆ ತೋರಿಸಬೇಕು. ‘ಅಂದೇ’ ಎನ್ನುವುದು ಮಲ್ಲತ್ತಹಳ್ಳಿಯವರಿಗೆ ಸುಲಭ, ಬೆಟ್ಟದವರಿಗಲ್ಲ.

ಆದ್ದರಿಂದ ಇಂಥ ಶಿಬಿರಗಳಿಗೆ ಧಾರಾಳವಾಗಿ ಚಂದಾ ಕೊಡಿ, ಆದರೆ ಮೂರು ಮಾತು ಕೇಳಿ ಕೊಡಿ. ರೋಗಿಯನ್ನು ಕರೆತಂದು ಮರಳಿ ಮನೆ ಮುಟ್ಟಿಸುವ ವ್ಯವಸ್ಥೆ ಇದೆಯೇ? ಜೊತೆಗೆ ಬಂದವರ ಊಟಕ್ಕೆ, ತಪ್ಪಿದ ಕೂಲಿಗೆ ಏನು ಮಾಡಿದ್ದೀರಿ? ತಿಂಗಳಾದ ಮೇಲೆ ಆ ಊರಿಗೇ ಹೋಗಿ ಕಣ್ಣು ಪರೀಕ್ಷಿಸುವವರು ಯಾರು? ಎಷ್ಟು ಆಪರೇಷನ್ ಆಯಿತು ಎಂಬ ಲೆಕ್ಕ ಬ್ಯಾನರಿನ ಮೇಲೆ ಬರುತ್ತದೆ. ಎಷ್ಟು ಮಂದಿಗೆ ಕಣ್ಣು ಕಾಣುತ್ತಿದೆ ಎಂಬ ಲೆಕ್ಕ ಎರಡನೆಯ ಸಲ ಬೆಟ್ಟ ಹತ್ತಿದವರಿಗೆ ಮಾತ್ರ ಸಿಗುತ್ತದೆ.

ನಾನೂ ಚಂದಾ ಕೊಟ್ಟೆ. ರಸೀದಿಯ ಮೇಲೆ ‘ಎರಡನೆಯ ಸಲದ ಪ್ರಯಾಣ ಖರ್ಚಿಗೆ’ ಎಂದು ಬರೆಸಿಕೊಂಡೆ.