ಕಪ್ ಬಂತೆಂದು ಮಲ್ಯರ ಲೆಕ್ಕ ಚುಕ್ತಾ ಆಗದು

2025ರ ಜೂನ್ 3ರಂದು ಆರ್‌ಸಿಬಿ ಐಪಿಎಲ್ ಕಪ್ ಗೆದ್ದಾಗಿನಿಂದ ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಅಭಿಮಾನಿಗಳಲ್ಲಿ ಒಂದು ಮಾತು ಜೋರಾಗಿದೆ: ತಂಡ ಕಟ್ಟಿದ ವಿಜಯ್ ಮಲ್ಯರನ್ನು ಬೈದದ್ದು ಸಾಕು, ಇನ್ನಾದರೂ ಗೌರವ ಕೊಡಿ. ಮೊದಲ ವರ್ಷದಿಂದ ಇದೇ ತಂಡದ ಬೆನ್ನಿಗೆ ನಿಂತವ ನಾನು. ಆದರೂ ಈ ಮಾತು ಒಪ್ಪಲಾರೆ.

‘ಅವರಿಲ್ಲದಿದ್ದರೆ ತಂಡವೇ ಇರುತ್ತಿರಲಿಲ್ಲ’ ಎನ್ನುತ್ತಾರೆ. 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡವರು ಅವರೇ. 19ರೊಳಗಿನವರ ತಂಡದ ಕೊಹ್ಲಿ ಬಂದದ್ದು, 2011ರಲ್ಲಿ ಗೇಲ್ ಬಂದದ್ದು ಅವರ ಕಾಲದಲ್ಲೇ. ಹಾಗಾಗಿ ಮಲ್ಯರ ಹೆಸರೇ ಎತ್ತಬೇಡಿ ಎನ್ನುವವರೂ ತಪ್ಪು. ಆದರೆ ತಂಡಕ್ಕೆ ಇಟ್ಟದ್ದು ಅವರದೇ ಕಂಪನಿಯ ವಿಸ್ಕಿಯ ಹೆಸರು. ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ಅದರ ಬೆಲೆ ಎಷ್ಟೆಂದು ಅವರಿಗೆ ಗೊತ್ತಿತ್ತು. ಕೋಲ್ಕತ್ತದ ಫುಟ್‌ಬಾಲಿನಲ್ಲಿ 1998ರಿಂದಲೇ ಮೋಹನ್ ಬಾಗಾನ್‌ಗೆ ಮೆಕ್‌ಡವೆಲ್ಸ್, ಈಸ್ಟ್ ಬೆಂಗಾಲ್‌ಗೆ ಕಿಂಗ್‌ಫಿಷರ್ ಎಂದು ತಮ್ಮ ಮದ್ಯಗಳ ಹೆಸರು ಅಂಟಿಸಿದ್ದರು. ಮೊದಲ ವರ್ಷ ತಂಡ ಏಳನೇ ಸ್ಥಾನಕ್ಕೆ ಇಳಿದಾಗ ನಾಯಕರಾಗಿದ್ದ ನಮ್ಮ ದ್ರಾವಿಡ್ ಮೇಲೆ ಬಹಿರಂಗವಾಗಿ ತಪ್ಪು ಹೊರಿಸಿದವರೂ ಇವರೇ. ಅದನ್ನು ನಾನು ಮರೆತಿಲ್ಲ.

‘ಬ್ಯಾಂಕಿಗೆ ದುಪ್ಪಟ್ಟು ಸಂದಾಯವಾಗಿದೆ, ಇನ್ನೇನು ಬಾಕಿ?’ ಇದು ಎಲ್ಲರ ಬಾಯಲ್ಲಿರುವ ವಾದ. ಮಲ್ಯರ ಕಿಂಗ್‌ಫಿಷರ್ ವಿಮಾನ ಕಂಪನಿಯ ಸಾಲದ ಬಾಬ್ತು ಕಟ್ಟಬೇಕೆಂದು ಸಾಲ ವಸೂಲಾತಿ ನ್ಯಾಯಮಂಡಳಿ 2017ರಲ್ಲಿ ಹೇಳಿದ್ದು 6,203 ಕೋಟಿ ರೂಪಾಯಿ, ಅದರ ಮೇಲೆ ಬಡ್ಡಿ. ಬ್ಯಾಂಕುಗಳಿಗೆ 14,131 ಕೋಟಿ ಮರಳಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಹೇಳಿದರು. ಅಂಕಿ ಸರಿಯೇ. ಆದರೆ ಆ ಹಣವನ್ನು ಮಲ್ಯ ತಂದು ಕಟ್ಟಿದರೇ? ಜಪ್ತಿ ಮಾಡಿದ ಷೇರು, ಆಸ್ತಿ ಮಾರಿ ವಸೂಲಿ ಮಾಡಿದ್ದು ಅದು. ನಮ್ಮೂರಲ್ಲಿ ಮಳೆಗಾಲದ ಖರ್ಚಿಗೆ ಬಳೆ ಅಡವಿಟ್ಟ ಮೀನು ಮಾರುವ ಅಮ್ಮನಿಗೆ ಕಂತು ತಪ್ಪಿದರೆ ನೋಟಿಸು ಬರುತ್ತದೆ, ಆಮೇಲೆ ಪೇಪರಿನಲ್ಲಿ ಹರಾಜಿನ ಪ್ರಕಟಣೆ. ಹರಾಜಾದ ಬಳೆಯನ್ನು ತೋರಿಸಿ ‘ಪ್ರಾಮಾಣಿಕವಾಗಿ ಸಾಲ ತೀರಿಸಿದಳು’ ಎಂದು ಯಾರೂ ಹೊಗಳುವುದಿಲ್ಲ. ಹೆಚ್ಚಿಗೆ ವಸೂಲಾಗಿದ್ದರೆ ಲೆಕ್ಕ ಕೇಳುವ ಹಕ್ಕು ಮಲ್ಯರಿಗಿದೆ, ಕರ್ನಾಟಕ ಹೈಕೋರ್ಟಿಗೆ ಹೋಗಿಯೂ ಇದ್ದಾರೆ. ಹಕ್ಕಿಗಾಗಿ ಇಲ್ಲಿನ ಕೋರ್ಟು ಬೇಕು, ವಿಚಾರಣೆಗೆ ಬೇಡ ಎಂಬುದು ಯಾವ ನ್ಯಾಯ? 2016ರ ಮಾರ್ಚ್ 2ರಂದು ದೇಶ ಬಿಟ್ಟವರು ಇಂದಿಗೂ ಬಂದಿಲ್ಲ.

‘ವಿಮಾನ ಕಂಪನಿ ಸೋತಿತು, ಸೋಲುವುದು ಅಪರಾಧವೇ?’ ಅಲ್ಲ. ಇಂಧನದ ಬೆಲೆಗೆ ಎಷ್ಟೋ ಕಂಪನಿಗಳು ನಲುಗಿವೆ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕೆ ಇಳಿಯುವ ಮೊದಲೇ ನೌಕರರ ಸಂಬಳ ನಿಂತಿತ್ತು. ಆಮೇಲೆ ಅವರು ವರ್ಷಗಟ್ಟಲೆ ಕಾದರು. ಆ ಬಾಕಿ ಹಾಗೇ ಇರುವಾಗ, 2015ರ ಡಿಸೆಂಬರ್‌ನಲ್ಲಿ ಮಲ್ಯರ ಅರುವತ್ತರ ಹುಟ್ಟುಹಬ್ಬ ಗೋವಾದಲ್ಲಿ ನಡೆಯಿತು, ಹಾಡಲು ಎನ್ರಿಕೆ ಇಗ್ಲೇಷಿಯಸ್ ಬಂದಿದ್ದರು. ಡಿಯಾಜಿಯೊ ಕಂಪನಿಯಿಂದ ಬಂದ 4 ಕೋಟಿ ಡಾಲರನ್ನು ಕೋರ್ಟಿನ ಆದೇಶ ಮೀರಿ ಮಕ್ಕಳ ಹೆಸರಿಗೆ ವರ್ಗಾಯಿಸಿದ್ದಕ್ಕೆ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಾಲ್ಕು ತಿಂಗಳ ಜೈಲು ಶಿಕ್ಷೆ ವಿಧಿಸಿತು. ಸೋತವರ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಹಣವಿದ್ದೂ ದುಡಿದವರಿಗೆ ಕೊಡದವರ ಮೇಲಿದೆ.

‘ನಮ್ಮ ಕರಾವಳಿಯವರು, ಶಬರಿಮಲೆಗೆ ಚಿನ್ನ ಹೊದಿಸಿದವರು’ ಎಂಬ ಮಾತೂ ಉಂಟು. ದೇವರಿಗೆ ಕೊಟ್ಟದ್ದು ದೇವರಿಗಾಯಿತು, ನೌಕರರ ಖಾತೆಗೆ ಜಮಾ ಆಗಲಿಲ್ಲ. ಇನ್ನು ಕರಾವಳಿ ಎಂದರೆ, ಸಾಲ ಕೊಟ್ಟು ಕೋರ್ಟಿಗೆ ಅಲೆದ ಬ್ಯಾಂಕುಗಳಲ್ಲಿ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಇತ್ತು. ಅದರಲ್ಲಿದ್ದದ್ದೂ ಕರಾವಳಿಯವರ ಹಣವೇ.

‘ಕಪ್ಪಿನ ಬುನಾದಿ ಅವರದು’ ಎಂಬುದು ಕೊನೆಯ ವಾದ. ಅವರ ಎಂಟು ಸೀಸನ್‌ಗಳಲ್ಲಿ ಕಪ್ ಬರಲಿಲ್ಲ. 2024ರಲ್ಲಿ ಹೆಣ್ಣುಮಕ್ಕಳ ತಂಡ ಮೊದಲು ಗೆದ್ದಿತು, ಆಮೇಲೆ ರಜತ್ ಪಾಟೀದಾರ್ ನಾಯಕತ್ವದಲ್ಲಿ ಗಂಡಸರು. ಸೋತ ವರ್ಷಗಳಲ್ಲೂ ‘ಈ ಸಲ ಕಪ್ ನಮ್ದೇ’ ಎಂದು ಕೂಗಿ ತಂಡವನ್ನು ಉಳಿಸಿಕೊಂಡವರು ನಮ್ಮ ಕುಮಟಾದ ಮಣಕಿ ಮೈದಾನದಲ್ಲಿ ಸಂಜೆ ಬ್ಯಾಟು ಹಿಡಿಯುವ ಹುಡುಗರಂಥವರು.

ತಂಡದ ಚರಿತ್ರೆ ಬರೆಯುವಾಗ ಸ್ಥಾಪಕರು ವಿಜಯ್ ಮಲ್ಯ ಎಂದೇ ಬರೆಯೋಣ. ಆದರೆ ಗೆಳೆಯರೇ, ಕಪ್ಪಿನ ಪಕ್ಕದಲ್ಲಿ ಅವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಬೇಡಿ. ಅಲ್ಲಿ ಜಾಗವಿದ್ದರೆ, ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ 11 ಮಂದಿಗೆ ಕೊಡಿ.